ಮೂರು ಸಂತೆ ಕಂಡ ಗಾಡಿ

ಕುರಿ ಕೊಳ್ಳುವುದಾಗಿದ್ದರೆ ತಿಮ್ಮರಾಯಪ್ಪ ಯಾರ ಮಾತನ್ನೂ ಕೇಳುವ ಆಸಾಮಿಯಲ್ಲ. ತುಟಿ ಎತ್ತಿ ಹಲ್ಲು ನೋಡಿ, ಬೆನ್ನುಮೂಳೆಯ ಮೇಲೆ ಹೆಬ್ಬೆರಳು ಓಡಿಸಿ, ಕಣ್ಣಿನ ಕೆಳರೆಪ್ಪೆ ಜಗ್ಗಿ ಒಳಗಿನ ಕೆಂಪು ಪರೀಕ್ಷಿಸಿದನೆಂದರೆ ಆ ಕುರಿಯ ಅಜ್ಜಿಗೆ ಬಂದಿದ್ದ ಕಾಯಿಲೆಯನ್ನೂ ಹೇಳಿಬಿಡುತ್ತಿದ್ದ. ಹೊಸದುರ್ಗದ ಸಂತೆಯಲ್ಲಿ ಅವನು ಕೈ ಇಟ್ಟ ಕುರಿಗೆ ಬೆಲೆ ಏರುತ್ತಿತ್ತು, ಮೂಗು ಮುರಿದ ಕುರಿ ಬಂದ ದಾರಿ ಹಿಡಿಯುತ್ತಿತ್ತು. ಅಂಥವನು ಈಗ ಚಿತ್ರದುರ್ಗದ ಒಂದು ಮೋಟಾರ್ ಸೈಕಲ್ ಅಂಗಡಿಯೊಳಗೆ, ಹೆಗಲ ಮೇಲೆ ಕರಿಕಂಬಳಿ ಹಾಕಿಕೊಂಡು, ಹಲ್ಲೂ ಇಲ್ಲದ ರೆಪ್ಪೆಯೂ ಇಲ್ಲದ ಒಂದು ಕಬ್ಬಿಣದ ಪ್ರಾಣಿಯ ಸುತ್ತ ಮೂರನೆಯ ಸುತ್ತು ಹಾಕುತ್ತಿದ್ದ. ಬೆವರು ಒರೆಸಿ ಒರೆಸಿ ರುಮಾಲಿನ ತುದಿ ಒದ್ದೆಯಾಗಿತ್ತು.

"ಒಂದು ಹನಿ ಪೆಟ್ರೋಲು ಕುಡಿದಿಲ್ಲ ಯಜಮಾನ್ರೆ. ಒಬ್ಬನೂ ಇದರ ಮ್ಯಾಲೆ ಕುಂತಿಲ್ಲ. ಹೊಸಾದು ಅಂದ್ರೆ ಹೊಸಾದು," ಎಂದ ಅಂಗಡಿಯ ಮಾಲೀಕ ಮರುಳಸಿದ್ದಪ್ಪ. ಹೊದಿಸಿದ್ದ ಗೋಣಿತಾಟನ್ನು ಅವನು ಆಗಷ್ಟೇ ಎಳೆದಿದ್ದರಿಂದ ಇಬ್ಬರ ಮೂಗಿಗೂ ಧೂಳು ಏರಿತ್ತು.

"ಹೊಸಾದು ಅಂತೀರಿ, ಮೂರು ವರ್ಷದಿಂದ ಇಲ್ಲೇ ಐತೆ ಅಂತೀರಿ."

"ಎರಡೂ ನಿಜಾನೇ. ಇದು ಜಾವಾ. ಎಪ್ಪತ್ತೆರಡರಾಗೆ ಬಂದಿದ್ದು. ಆಮ್ಯಾಲೆ ಯೆಜ್ಡಿ ಬಂತಲ್ಲ, ಈಗ ಎಲ್ರೂ ಅದನ್ನೇ ಕೇಳ್ತಾರೆ. ನಿಮಗೂ ಅದೇ ಬೇಕು ಅಂದ್ರೆ ಹೆಸರು ಬರೆಸಿ ಹೋಗ್ರಿ, ದೀಪಾವಳಿ ಹೊತ್ತಿಗೆ ನೋಡಾಣ."

ದೀಪಾವಳಿ! ತಿಮ್ಮರಾಯಪ್ಪನಿಗೆ ಇದ್ದದ್ದು ನಾಲ್ಕೇ ದಿನ. ಸೋಮವಾರ ಬೀಗರು ವೀಳ್ಯಕ್ಕೆ ಬರುವವರಿದ್ದರು. ಹುಡುಗ ಕೆಂಚಪ್ಪ ಹೊಳಲ್ಕೆರೆಯ ಉಣ್ಣೆ ಸೊಸೈಟಿಯಲ್ಲಿ ನೌಕರ. ಹಳ್ಳಿ ಹಳ್ಳಿ ತಿರುಗಿ ಉಣ್ಣೆ ಕೂಡಿಸುವ ಕೆಲಸ. ಮೊದಲ ಹೆಂಡತಿ ತೀರಿಕೊಂಡು ಎರಡು ವರ್ಷವಾಗಿತ್ತು, ಮಕ್ಕಳಿರಲಿಲ್ಲ. ಅವನ ಅಪ್ಪ ಈರಬಸಪ್ಪ ಮಾತುಕತೆಯ ದಿನ ಹೆಚ್ಚೇನೂ ಕೇಳಿರಲಿಲ್ಲ. ನಮ್ಮ ಕಾಲದಲ್ಲಿ ಗಂಡಿನವರೇ ತೆರ ಕೊಟ್ಟು ಹೆಣ್ಣು ತರುತ್ತಿದ್ದೆವು, ಈಗ ಕಾಲ ತಿರುಗಿದೆ, ಹುಡುಗನಿಗೆ ಓಡಾಡಲು ಒಂದು ಹೊಸ ಮೋಟಾರ್ ಸೈಕಲ್ಲು ಆದರೆ ಸಾಕು, ವೀಳ್ಯದ ದಿನ ಅಂಗಳದಲ್ಲಿ ನಿಂತಿರಲಿ ಎಂದಿದ್ದ. ತಿಮ್ಮರಾಯಪ್ಪ ಹೂಂ ಅಂದು ಬಂದಿದ್ದ. ಆ ಹೂಂ ಈಗ ಗಂಟಲಿಗೆ ಅಡರಿಕೊಂಡಿತ್ತು.

ಈ ಸಂಬಂಧ ತಪ್ಪಿದರೆ ಕಾಳಕ್ಕನಿಗೆ ಇನ್ನೊಂದು ಬರುವುದಿಲ್ಲ. ಇದು ಹಟ್ಟಿಯ ಎಲ್ಲರಿಗೂ ಗೊತ್ತಿತ್ತು, ತಿಮ್ಮರಾಯಪ್ಪನಿಗೆ ಎಲ್ಲರಿಗಿಂತ ಚೆನ್ನಾಗಿ ಗೊತ್ತಿತ್ತು. ಮಗಳಿಗೆ ಇಪ್ಪತ್ತೆಂಟು ತುಂಬಿತ್ತು. ಅವಳ ಓರಗೆಯವರು ಮಕ್ಕಳನ್ನು ಇಸ್ಕೂಲಿಗೆ ಕಳಿಸುತ್ತಿದ್ದರು.

ಅವನ ಹೆದರಿಕೆಗೆ ಇನ್ನೊಂದು ಕಾರಣವೂ ಇತ್ತು. ಮೂರು ಸಂತೆ ಕಂಡ ಕುರಿಯನ್ನು ಮುಟ್ಟಬಾರದು ಎಂಬುದು ಅವನ ಅಪ್ಪನ ಕಾಲದ ಮಾತು. ಒಂದು ಸಂತೆಯಲ್ಲಿ ಮಾರಾಟವಾಗದಿದ್ದರೆ ಬೆಲೆ ಹೆಚ್ಚಾಯಿತು ಅನ್ನಬಹುದು, ಎರಡನೆಯದರಲ್ಲಿ ಆಗದಿದ್ದರೆ ಗಿರಾಕಿ ಬರಲಿಲ್ಲ ಅನ್ನಬಹುದು. ಮೂರನೆಯದರಲ್ಲೂ ಹಾಗೇ ಉಳಿಯಿತೆಂದರೆ ಅದಕ್ಕೆ ಒಳಗೆ ಏನೋ ಇದೆ. ಈ ಗಾಡಿ ಮೂರು ಸಂತೆ ಏನು, ಮೂರು ಯುಗಾದಿ ಕಂಡಿತ್ತು.

"ಏನೋ ಐಬು ಇರ್ಬೇಕು ಸಾವ್ಕಾರ್ರೆ. ಇಲ್ಲದಿದ್ರೆ ಇಷ್ಟು ದಿನ ಯಾಕೆ ಉಳೀತಿತ್ತು?"

ಅಂದವನು ಅಂಗಡಿಯಿಂದ ಹೊರಗೆ ಹೋದ. ಮರುಳಸಿದ್ದಪ್ಪ, ಗಿರಾಕಿ ಕೈತಪ್ಪಿದ ಅಂದುಕೊಂಡು ಗೋಣಿತಾಟನ್ನು ಮತ್ತೆ ಹೊದಿಸುತ್ತಿದ್ದ. ಅಷ್ಟರಲ್ಲಿ ತಿಮ್ಮರಾಯಪ್ಪ ಚರಂಡಿ ಪಕ್ಕದಿಂದ ಕಿತ್ತ ಒಂದು ಹಿಡಿ ಹಸಿ ಹುಲ್ಲಿನೊಂದಿಗೆ ವಾಪಸ್ಸು ಬಂದು, ಅದನ್ನು ಸಾಹುಕಾರನ ಕೈಗೆ ತುರುಕಿದ.

"ಇದನ್ನ ಹಿಡ್ಕಂಡು ಹೇಳ್ರಿ. ಯಾಕೆ ಉಳೀತು?"

ಮರುಳಸಿದ್ದಪ್ಪನಿಗೆ ನಗು ಬಂತು. ಆದರೆ ಎದುರಿಗಿದ್ದವನ ಮುಖ ನೋಡಿ ನುಂಗಿಕೊಂಡ. ಹೊಸದುರ್ಗದ ಕಡೆಯ ಆ ಹತ್ತಾರು ಹಟ್ಟಿಗಳಲ್ಲಿ ಕುರಿ ಮಾರುವವನು ಕೊಳ್ಳುವವನ ಕೈಗೆ ಕುರಿಯ ಕಿವಿ ಕೊಡುವ ಮುನ್ನ ಹೀಗೆ ಹುಲ್ಲು ಹಿಡಿದು ಅದರ ಐಬನ್ನು ಬಾಯಿಬಿಟ್ಟು ಹೇಳಬೇಕು. ಹುಲ್ಲು ಹಿಡಿದು ಸುಳ್ಳಾಡಿದವನ ಮಂದೆಗೆ ಹುಲ್ಲು ದಕ್ಕುವುದಿಲ್ಲ. ಕೇಳಿದವನು ಒಪ್ಪಿದರೆ ಹುಲ್ಲನ್ನು ಇಸಿದುಕೊಳ್ಳುತ್ತಾನೆ, ಅಲ್ಲಿಗೆ ವ್ಯಾಪಾರ ಕುದುರಿತು. ಇದೆಲ್ಲ ಪೇಟೆಯ ಸಾಹುಕಾರನಿಗೆ ಎಲ್ಲಿಂದ ಗೊತ್ತಿರಬೇಕು? ತಿಮ್ಮರಾಯಪ್ಪ ವಿವರಿಸಿದ. ಮರುಳಸಿದ್ದಪ್ಪ ಗೋಣಿತಾಟನ್ನು ಕೆಳಗೆ ಬಿಟ್ಟು ಹುಲ್ಲನ್ನು ಎರಡು ಕೈಯಲ್ಲೂ ಹಿಡಿದುಕೊಂಡ. ಮಂದೆ ಇಲ್ಲದವನಿಗೂ ಒಂದು ದೇವರ ಭಯ ಅಂತ ಇರುತ್ತದಲ್ಲ.

"ನಿಜ ಹೇಳ್ತೀನಿ ಕೇಳ್ರಿ," ಎಂದ ಕೊನೆಗೆ. "ಗಿರಾಕಿಗಳು ಬರಲಿಲ್ಲ ಅಂತಲ್ಲ. ಬಂದ್ರು. ನಾನೇ ಕೊಡಲಿಲ್ಲ. ಆಗ ನಂಗೆ ಬರ್ತಿದ್ದಿದ್ದೇ ತಿಂಗಳಿಗೆ ಒಂದೋ ಎರಡೋ ಗಾಡಿ. ಬಂದಂಗೇ ಬುಕ್ಕಿಂಗ್ ಆದೋರು ಹೊಡ್ಕಂಡು ಹೋಗ್ತಿದ್ರು. ಅಂಗಡಿ ಬರಿದು ಬರಿದು ಕಾಣೋದು. ಇದೊಂದು ಬಾಗಿಲಾಗೆ ನಿಂತಿದ್ರೆ ಅಂಗಡಿಗೇ ಒಂದು ಕಳೆ ಇತ್ತು. ಕೇಳಿದೋರಿಗೆಲ್ಲ, ಇದು ಬೇರೆಯೋರಿಗೆ ಆಗೈತೆ ಅಂತ ಸುಳ್ಳು ಹೇಳ್ದೆ. ಇನ್ನೊಂದು ತಿಂಗಳು ಇರಲಿ, ಇನ್ನೊಂದು ತಿಂಗಳು ಇರಲಿ ಅಂತ ಇಟ್ಕಂಡೆ. ಅಷ್ಟರಾಗೆ ಯೆಜ್ಡಿ ಬಂತು, ಇದು ಹಳೇದಾಗೋತು. ಆಮ್ಯಾಲೆ ಯಾರೂ ಕೇಳಲಿಲ್ಲ. ಗಾಡೀದು ಏನೂ ತಪ್ಪಿಲ್ಲ ಯಜಮಾನ್ರೆ. ತಪ್ಪು ನನ್ನ ಆಸೇದು."

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ತಿಮ್ಮರಾಯಪ್ಪನಿಗೆ ಮೈಯೆಲ್ಲ ಬಿಸಿಯಾಯಿತು. ಈ ಮನುಷ್ಯ ತನ್ನ ಮನೆಯ ವಿಷಯ ಯಾರಿಂದಲೋ ಕೇಳಿಕೊಂಡು ಚುಚ್ಚುತ್ತಿದ್ದಾನೆಯೇ ಎಂದು ಅವನ ಮುಖವನ್ನೇ ದಿಟ್ಟಿಸಿದ. ಪಾಪ, ಅವನಿಗೇನೂ ಗೊತ್ತಿರಲಿಲ್ಲ.

ಗೊತ್ತಿದ್ದದ್ದು ತಿಮ್ಮರಾಯಪ್ಪನೊಬ್ಬನಿಗೇ. ಹೆಂಡತಿ ಸತ್ತಾಗ ಕಾಳಕ್ಕನಿಗೆ ಹದಿನೆಂಟು, ಅವಳ ತಮ್ಮಂದಿರಲ್ಲಿ ದೊಡ್ಡವನಿಗೆ ಎಂಟು, ಚಿಕ್ಕವನಿಗೆ ನಾಲ್ಕು. ಇನ್ನೂರು ಕುರಿಯ ಮಂದೆ. ಕತ್ತಲಲ್ಲಿ ಉಸಿರಾಟ ಕೇಳಿಯೇ ಯಾವ ಕುರಿಗೆ ಮೈ ಸರಿಯಿಲ್ಲ ಎಂದು ಹೇಳುವ ಹುಡುಗಿ, ಅಡ್ಡ ಬಿದ್ದ ಮರಿಯನ್ನು ತಾಯಿಯ ಹೊಟ್ಟೆಯೊಳಗೇ ತಿರುಗಿಸಿ ಎಳೆದು ತೆಗೆಯುವ ಕೈ ಅವಳದು. ಅವಳು ಹೋದರೆ ಮನೆಯೂ ಇಲ್ಲ, ಮಂದೆಯೂ ಇಲ್ಲ. ಗಂಡಿನವರು ಬಂದರು. ಒಂದಲ್ಲ, ಐದು ಕಡೆಯಿಂದ. ಐದೂ ಕಡೆಯವರು ಹುಡುಗಿಯನ್ನು ನೋಡಿ ಒಪ್ಪಿ ಹೋದರು. ಆಮೇಲೆ ಅವರ ಊರಿಗೆ ತಾನೇ ಹೋಗಿ, ಈ ವರ್ಷ ಆಗುವುದಿಲ್ಲ ಎಂದು ಕೈ ಮುಗಿದು ಬಂದವನು ತಿಮ್ಮರಾಯಪ್ಪ. ಇನ್ನೊಂದು ವರ್ಷ, ಚಿಕ್ಕವನು ಸ್ವಲ್ಪ ದೊಡ್ಡವನಾಗಲಿ, ಇನ್ನೊಂದು ವರ್ಷ.

ಅಷ್ಟೇ ಆಗಿದ್ದರೆ ಬೇರೆ ಮಾತು. ಮನೆಗೆ ಬಂದು ಮಗಳಿಗೆ ಏನಾದರೂ ಹೇಳಬೇಕಿತ್ತಲ್ಲ. ಅವರು ಒಪ್ಪಲಿಲ್ಲವಂತೆ ಕಣವ್ವ, ಎಂದ. ಯಾಕಂತೆ ಎಂದು ಅವಳು ಕೇಳಿದಾಗ, ಬಾಯಿಗೆ ಬಂದಂತೆ, ಎತ್ತರ ಜಾಸ್ತಿ ಆಯ್ತಂತೆ ಎಂದ. ಮತ್ತೊಂದು ಸಲ, ಬಣ್ಣ ಕಪ್ಪಾಯ್ತಂತೆ. ಇನ್ನೊಂದು ಸಲ, ಮುಖದಲ್ಲಿ ಕಳೆ ಇಲ್ಲವಂತೆ. ನಾಲ್ಕನೆಯ ಸಲಕ್ಕೆ ಅವಳು ಕೇಳುವುದನ್ನು ಬಿಟ್ಟಳು. ಆರನೆಯ ಸಲಕ್ಕೆ ಯಾರೂ ಬರಲಿಲ್ಲ.

ಮರುಳಸಿದ್ದಪ್ಪನ ಕೈಯಿಂದ ಹುಲ್ಲು ಇಸಿದುಕೊಂಡ ತಿಮ್ಮರಾಯಪ್ಪ, "ಆತು, ಕೊಡ್ರಿ," ಎಂದಷ್ಟೇ ಅಂದ. ಟಗರು ಮಾರಿದ್ದ ಹಣದ ಗಂಟು ಸಾಹುಕಾರನ ಮೇಜಿಗೆ ಹೋಯಿತು.

ತಿಮ್ಮರಾಯಪ್ಪನಿಗೆ ಗಾಡಿ ಹೊಡೆಯಲು ಬರುವುದಿಲ್ಲವಾದ್ದರಿಂದ ಅಂಗಡಿಯ ಮೆಕ್ಯಾನಿಕ್ ಓಬಯ್ಯ ಹಟ್ಟಿಯವರೆಗೆ ತಂದುಬಿಡುವುದೆಂದು ಮಾತಾಯಿತು. ಓಬಯ್ಯ ಒದ್ದ, ಒದ್ದ, ಹದಿನಾರು ಸಲ ಒದ್ದ. ಹದಿನೇಳನೆಯದಕ್ಕೆ ಗಾಡಿ ಮೂರು ವರ್ಷದ ನಿದ್ದೆಯಿಂದ ಕೆಮ್ಮಿಕೊಂಡು ಎದ್ದು, ಅಂಗಡಿ ತುಂಬ ನೀಲಿ ಹೊಗೆ ಬಿಟ್ಟಿತು. ತಿಮ್ಮರಾಯಪ್ಪ ಹಿಂದೆ ಕುಳಿತು ಓಬಯ್ಯನ ಸೊಂಟವನ್ನು ಎರಡು ಕೈಯಲ್ಲೂ ಅವುಚಿಕೊಂಡ.

"ಯಜಮಾನ್ರೆ, ಸ್ವಲ್ಪ ಸಡ್ಲ ಬಿಡ್ರಿ, ಉಸಿರಾಡಾಕೆ ಆಗ್ತಿಲ್ಲ."

"ನೀನು ಮುಂದೆ ನೋಡ್ಕಂಡು ಹೊಡಿಯಪ್ಪ, ನನ್ನ ಕೈ ವಿಚಾರ ಬಿಡು."

ದಾರಿಯುದ್ದಕ್ಕೂ ಅವನ ಕಿವಿ ಎಂಜಿನ್ನಿನ ಮೇಲೇ ಇತ್ತು. ಕುರಿ ಕೆಮ್ಮಿದರೆ ಅದು ಧೂಳಿನ ಕೆಮ್ಮೋ ಕಫದ ಕೆಮ್ಮೋ ಅವನಿಗೆ ತಿಳಿಯುತ್ತಿತ್ತು. ಇದರ ಸದ್ದು ಅರ್ಥವಾಗಲಿಲ್ಲ. ಒಮ್ಮೆ ಗುಡುಗುಡು ಅಂದರೆ ಹೆದರಿಕೆ, ಅದು ನಿಂತು ಸದ್ದು ಸಣ್ಣದಾದರೆ ಇನ್ನೂ ಹೆದರಿಕೆ. ಎಲ್ಲಕ್ಕಿಂತ ದೊಡ್ಡ ಹೆದರಿಕೆ ಹೊಳಲ್ಕೆರೆ. ಬೀಗರ ಊರು ಅದು, ದಾಟಿಯೇ ಹೋಗಬೇಕು. ಊರು ಹತ್ತಿರವಾಗುತ್ತಲೇ ಕಂಬಳಿಯನ್ನು ತಲೆಯ ಮೇಲೆ ಎಳೆದುಕೊಂಡು ಮುಖ ಮುಚ್ಚಿಕೊಂಡ. ಮಟಮಟ ಮಧ್ಯಾಹ್ನದ ಬಿಸಿಲಿನಲ್ಲಿ ಕಂಬಳಿ ಮುಸುಕು ಹಾಕಿಕೊಂಡು ಫಳಫಳ ಹೊಳೆಯುವ ಗಾಡಿಯ ಮೇಲೆ ಕುಳಿತವನನ್ನು ಜನ ಇನ್ನಷ್ಟು ತಿರುಗಿ ನೋಡುತ್ತಾರೆ ಎಂಬುದು ಅವನಿಗೆ ಹೊಳೆಯಲೇ ಇಲ್ಲ.

ಬಸ್ ಸ್ಟ್ಯಾಂಡಿನ ಎದುರು ಗಾಡಿ ಎರಡು ಸಲ ಮುಗ್ಗರಿಸಿ ನಿಂತೇಬಿಟ್ಟಿತು.

"ಏನಾತೋ?"

"ಏನಿಲ್ಲ ಯಜಮಾನ್ರೆ. ನಿಂತೂ ನಿಂತೂ ಟ್ಯಾಂಕಿನೊಳಗೆ ತುಕ್ಕು ಕೂತೈತೆ, ಅದು ಇಳಿದು ಕಾರ್ಬೊರೇಟರಾಗೆ ಸಿಕ್ಕಂಡೈತೆ. ಊದಿದ್ರೆ ಸರಿಹೋಗುತ್ತೆ. ಅರ್ಧ ತಾಸು." ಓಬಯ್ಯ ರಸ್ತೆ ಪಕ್ಕ ಕೂತು ಸ್ಪ್ಯಾನರು ತೆಗೆದ.

ಅರ್ಧ ತಾಸು! ತಿಮ್ಮರಾಯಪ್ಪ ಗಾಡಿಗೆ ಬೆನ್ನು ಮಾಡಿ, ಇದು ತನ್ನದಲ್ಲ ಎನ್ನುವ ಹಾಗೆ ದೂರದ ಬೇವಿನ ಮರವನ್ನು ನೋಡುತ್ತ ನಿಂತ. ಯಾರೂ ಬರದಿರಲಿ ಬೀರಪ್ಪ, ಯಾರೂ ಬರದಿರಲಿ. ಬೀರಪ್ಪನಿಗೆ ಆ ಹೊತ್ತಿನಲ್ಲಿ ಬೇರೆ ಕೆಲಸವಿತ್ತೆಂದು ಕಾಣುತ್ತದೆ.

"ಮಾವ, ನೀವಾ?"

ಕೆಂಚಪ್ಪ. ಬಗಲಲ್ಲಿ ಸೊಸೈಟಿಯ ಪುಸ್ತಕ, ಕಾಲಲ್ಲಿ ಧೂಳು ತುಂಬಿದ ಚಪ್ಪಲಿ. ಬಿಚ್ಚಿ ಹರಡಿದ ಗಾಡಿಯ ಮೇಲೆ ಹುಡುಗನ ಕಣ್ಣು ನಿಧಾನವಾಗಿ ಓಡಾಡಿತು. ಟ್ಯಾಂಕಿನ ಮೇಲಿನ ಹೆಸರನ್ನು ಓದಿತು. ಓಬಯ್ಯ ಅಂಗೈ ಮೇಲೆ ಸುರಿದುಕೊಂಡಿದ್ದ ಕೆಂಪು ತುಕ್ಕಿನ ಮೇಲೆ ನಿಂತಿತು.

"ಜಾವಾ," ಎಂದ ಕೆಂಚಪ್ಪ.

"ಹೊಸಾದೇ ಕಣಪ್ಪ. ಒಂದು ಹನಿ ಪೆಟ್ರೋಲು ಕುಡಿದಿರಲಿಲ್ಲ, ಇವತ್ತೇ ಕುಡಿದಿದ್ದು," ಎಂದ ತಿಮ್ಮರಾಯಪ್ಪ. ಅವನ ಬಾಯಿಂದ ಮರುಳಸಿದ್ದಪ್ಪನ ಮಾತು ಬರುತ್ತಿತ್ತು.

ಕೆಂಚಪ್ಪ ಹೌದು ಅನ್ನಲಿಲ್ಲ, ಅಲ್ಲ ಅನ್ನಲಿಲ್ಲ. ಹೋಟೆಲಿನಿಂದ ಇಬ್ಬರಿಗೂ ಚಾ ತರಿಸಿ, ತಾನು ಕುಡಿಯದೆ, "ಸೋಮವಾರ ಬರ್ತೀವಿ ಮಾವ," ಎಂದು ಹೇಳಿ ಹೋದ. ಆ ಚಾದ ರುಚಿ ತಿಮ್ಮರಾಯಪ್ಪನಿಗೆ ತಿಳಿಯಲಿಲ್ಲ. ಬೈದಿದ್ದರೆ ಬೈದ ಎಂದುಕೊಳ್ಳಬಹುದಿತ್ತು, ನಕ್ಕಿದ್ದರೆ ನಕ್ಕ ಎಂದುಕೊಳ್ಳಬಹುದಿತ್ತು. ಏನೂ ಅನ್ನದೆ ಹೋದವನನ್ನು ಏನೆಂದು ಲೆಕ್ಕ ಹಾಕುವುದು?

ಹಟ್ಟಿಗೆ ಬಂದಾಗ ಕುರಿಗಳು ಇನ್ನೂ ಮರಳಿರಲಿಲ್ಲ. ಓಬಯ್ಯ ರೊಟ್ಟಿ ತಿಂದು ಬಸ್ಸು ಹಿಡಿಯಲು ಹೊರಟುಹೋದ. ಕಾಳಕ್ಕ ಸೆರಗಿನ ತುದಿಯಿಂದ ಟ್ಯಾಂಕಿನ ಧೂಳು ಒರೆಸಿ, ಹೊಸ ಮರಿಯನ್ನು ನೋಡುವ ಹಾಗೆ ಬಗ್ಗಿ ಬಗ್ಗಿ ನೋಡಿದಳು. ಎತ್ತರದ ಹೆಣ್ಣು, ತಾಯಿಯ ಕಣ್ಣು, ತಾಯಿಯ ಹಣೆ. ನಕ್ಕರೆ ಅಂಗಳವೇ ಬೆಳಗುತ್ತಿತ್ತು, ಆದರೆ ನಗುವಾಗ ಈಚೆಗೆ ಕೈಯಿಂದ ಬಾಯಿ ಮುಚ್ಚಿಕೊಳ್ಳುತ್ತಿದ್ದಳು.

"ಇಷ್ಟು ಚೆನ್ನಾಗೈತೆ. ಇದನ್ನ್ಯಾಕಪ್ಪ ಯಾರೂ ಒಯ್ಯಲಿಲ್ಲ?"

"ನಿಂಗೆ ಯಾರು ಹೇಳಿದ್ರು ಯಾರೂ ಒಯ್ಯಲಿಲ್ಲ ಅಂತ?"

"ಓಬಯ್ಯಣ್ಣ ಉಣ್ಣುವಾಗ ಹೇಳ್ತು, ಮೂರು ವರ್ಷ ಮೂಲ್ಯಾಗೆ ನಿಂತಿತ್ತಂತೆ." ಕಾಳಕ್ಕ ಸೀಟಿನ ಮೇಲೆ ಕೈ ಆಡಿಸಿ ಮೆಲ್ಲಗೆ ನಕ್ಕಳು. "ನನ್ನಂಗೆ ಇದಕ್ಕೂ ಎತ್ತರ ಜಾಸ್ತಿ ಆತೇನೋ."

"ಸಾಕು, ಒಳಗೆ ಹೋಗು!" ಎಂದು ತಿಮ್ಮರಾಯಪ್ಪ ಗದರಿದ. ತನ್ನ ದನಿಗೆ ತಾನೇ ಬೆಚ್ಚಿದ. ಅವಳು ಬೇಸರಪಡಲಿಲ್ಲ, ಅಪ್ಪನಿಗೆ ದಣಿವಾಗಿದೆ ಎಂದುಕೊಂಡು ಬಿಸಿನೀರು ಕಾಯಿಸಲು ಹೋದಳು. ಅದೇ ಅವನನ್ನು ಹೆಚ್ಚು ಸುಟ್ಟಿತು.

ಶುಕ್ರವಾರ, ಶನಿವಾರ, ಭಾನುವಾರ. ಈ ಮೂರು ದಿನದಲ್ಲಿ ತಿಮ್ಮರಾಯಪ್ಪ ಸರಿಯಾಗಿ ಉಣ್ಣಲಿಲ್ಲ. ಬೀಗರು ಗಾಡಿ ಹಳೆಯದೆಂದು ಎದ್ದುಹೋದಂತೆ, ಕಾಳಕ್ಕ ಮತ್ತೊಮ್ಮೆ ಏನಂದರಂತೆ ಅಪ್ಪ ಎಂದು ಕೇಳಿದಂತೆ ಕಣ್ಣಿಗೆ ಕಟ್ಟುತ್ತಿತ್ತು. ಐದು ಸಲ ಸುಳ್ಳು ಹೇಳಿ ಆಗಿತ್ತು. ಆರನೆಯ ಸಲ ಅವರು ನಿಜವಾಗಿಯೂ ಒಲ್ಲೆ ಎಂದರೆ ಆ ಮುಖವನ್ನು ನೋಡುವ ಶಕ್ತಿ ಅವನಿಗಿರಲಿಲ್ಲ.

ಸೋಮವಾರ ಬಿಸಿಲೇರುವ ಹೊತ್ತಿಗೆ ಬೀಗರು ಬಂದರು. ಈರಬಸಪ್ಪ, ಅವನ ತಂಗಿ ಯಲ್ಲಕ್ಕ, ಕೆಂಚಪ್ಪ, ಜೊತೆಗೆ ನಾಲ್ಕು ಜನ ಹಿರಿಯರು. ಅಂಗಳದಲ್ಲಿ ಕಂಬಳಿ ಹಾಸಿತ್ತು. ಬಾಗಿಲ ಎದುರು, ಬೇವಿನ ನೆರಳಲ್ಲಿ, ಗಾಡಿ ಚೆಂಡುಹೂವಿನ ಹಾರ ಹಾಕಿಕೊಂಡು ನಿಂತಿತ್ತು.

"ಬರ್ರಿ, ಕುಂತ್ಕಳ್ರಿ," ಎಂದ ತಿಮ್ಮರಾಯಪ್ಪ. ಕೈಕಾಲಿಗೆ ನೀರು ಕೊಟ್ಟದ್ದಾಯಿತು. ಬೆಲ್ಲ ನೀರು ಕುಡಿದದ್ದಾಯಿತು. ಮಳೆ, ಮೇವು, ಉಣ್ಣೆಯ ಮಾತು ಮುಗಿಯಿತು. ಈರಬಸಪ್ಪ ಎದ್ದು ಗಾಡಿಯ ಹತ್ತಿರ ಹೋದ. ತಿಮ್ಮರಾಯಪ್ಪನಂತೆಯೇ ಮೂರು ಸುತ್ತು ಹಾಕಿದ. ಅವನೂ ಕುರುಬನೇ ತಾನೆ.

"ಬೀಗ್ರೆ, ನಮ್ಮ ಹುಡುಗ ಹೇಳ್ದ. ಇದು ಹಳೇ ತರದ್ದಂತೆ. ಹೊಳಲ್ಕೆರ್ಯಾಗೆ ದಾರಿ ಮ್ಯಾಲೆ ನಿಂತಿತ್ತಂತೆ."

ಕೆಂಚಪ್ಪ ತಲೆ ತಗ್ಗಿಸಿ, "ನಾನು ಬ್ಯಾಡ ಅನ್ನಲಿಲ್ಲ ಅಪ್ಪಯ್ಯ. ಕಂಡಿದ್ದು ಹೇಳ್ದೆ," ಎಂದ.

"ಬ್ಯಾಡ ಅಂತ ನಾನೂ ಅಂತಿಲ್ಲ. ಆದ್ರೆ ನಮ್ಮ ಕಟ್ಟು ನಿಮಗೂ ಗೊತ್ತೈತಲ್ಲ." ಈರಬಸಪ್ಪ ಬಗ್ಗಿ ಬೇಲಿಯಂಚಿನಿಂದ ಒಂದು ಹಿಡಿ ಹುಲ್ಲು ಕಿತ್ತು ತಂದು ತಿಮ್ಮರಾಯಪ್ಪನ ಕೈಗೆ ಕೊಟ್ಟ. "ಹೇಳಿಬಿಡ್ರಿ. ಐಬಿಲ್ಲದೆ ಇಷ್ಟು ದಿನ ಯಾಕೆ ಉಳೀತು?"

ಅಂಗಳದವರೆಲ್ಲ ಕಿವಿ ನೆಟ್ಟಗೆ ಮಾಡಿದರು. ತಿಮ್ಮರಾಯಪ್ಪ ಅಂಗಡಿಯಲ್ಲಿ ಕೇಳಿದ್ದನ್ನು ಒಂದಕ್ಷರ ಬಿಡದೆ ಹೇಳಿದ. ಗಿರಾಕಿ ಬಂದದ್ದು, ಸಾಹುಕಾರ ಅಂಗಡಿಯ ಚೆಂದಕ್ಕೆ ಇಟ್ಟುಕೊಂಡದ್ದು, ಹೊಸ ಮಾದರಿ ಬಂದು ಇದು ಮೂಲೆ ಸೇರಿದ್ದು, ಟ್ಯಾಂಕಿನ ತುಕ್ಕು, ಹದಿನೇಳು ಸಲ ಒದ್ದದ್ದು. ಹೇಳುತ್ತ ಹೇಳುತ್ತ ಅವನಿಗೆ ಉಸಿರು ಹಗುರಾಯಿತು. ಈರಬಸಪ್ಪ ಗಹಗಹಿಸಿ ನಕ್ಕ.

"ಸಾವ್ಕಾರನ ಕೈಗೂ ಹುಲ್ಲು ಹಿಡಿಸಿ ಬಂದ್ರಾ? ಭೇಷ್! ಹಂಗಾದ್ರೆ ಗಾಡಿ ತಪ್ಪೇನೈತೆ? ಪಾಪ, ಅದು ನಿಲ್ಲಿಸಿದ ಕಡೆ ನಿಂತೈತೆ." ಹಿರಿಯರೂ ನಕ್ಕರು. ಗೆದ್ದೆ ಎಂದುಕೊಂಡ ತಿಮ್ಮರಾಯಪ್ಪ. ಹುಲ್ಲನ್ನು ಬೀಗನ ಕಡೆ ಚಾಚಿದ.

ಈರಬಸಪ್ಪ ಕೈ ನೀಡುವಷ್ಟರಲ್ಲಿ ಯಲ್ಲಕ್ಕ, "ಇರಣ್ಣ," ಎಂದಳು. ಎಲೆ ಅಡಿಕೆ ಜಗಿಯುತ್ತ ಅಷ್ಟು ಹೊತ್ತು ಸುಮ್ಮನೆ ಕುಳಿತಿದ್ದ ಹೆಂಗಸು. ಕೆಟ್ಟವಳಲ್ಲ, ಸತ್ತ ಸೊಸೆಯ ಆರೈಕೆ ಮಾಡಿ ಸಾಕಾಗಿದ್ದವಳು. "ಹುಲ್ಲು ಇನ್ನೂ ಬೀಗರ ಕೈಯಾಗೇ ಐತೆ. ಗಾಡೀದು ಹೇಳಿದ್ರು, ಸಂತೋಷ. ನಾವು ಒಯ್ಯಾಕೆ ಬಂದಿರೋದು ಗಾಡಿ ಒಂದೇ ಅಲ್ಲವಲ್ಲ. ಮೊದಲನೇದು ಎದೆ ರೋಗ ಮುಚ್ಚಿಟ್ಟು ಕೊಟ್ರು, ಎರಡು ವರ್ಷಕ್ಕೆ ಮಣ್ಣು ಮಾಡಿದ್ವಿ. ಇಪ್ಪತ್ತೆಂಟು ವರ್ಷ ಆಗೈತೆ, ಹುಡುಗಿ ನೋಡಿದ್ರೆ ಲಕ್ಷಣವಾಗೈತೆ. ಯಾಕೆ ಉಳೀತು? ಅದನ್ನೂ ಹೇಳಿಬಿಡ್ರಿ, ಆಮ್ಯಾಲೆ ವೀಳ್ಯ ಹಿಡಿಯಾಣ."

ಯಾರೂ ನಗಲಿಲ್ಲ. ಈರಬಸಪ್ಪ ತಂಗಿಯನ್ನು ಗದರಲು ಬಾಯಿ ತೆರೆದು ಮುಚ್ಚಿದ, ಕೇಳಿದ್ದು ನ್ಯಾಯವಾಗಿತ್ತು. ತಿಮ್ಮರಾಯಪ್ಪ ಬಾಗಿಲ ಕಡೆ ನೋಡಿದ. ಮಜ್ಜಿಗೆಯ ಚೊಂಬು ಹಿಡಿದುಕೊಂಡು ಕಾಳಕ್ಕ ಹೊಸ್ತಿಲ ಮೇಲೆ ನಿಂತಿದ್ದಳು. ಅವಳು ಕೆಳಗೆ ನೋಡುತ್ತಿದ್ದಳು. ಬಣ್ಣ, ಎತ್ತರ, ಕಳೆ. ಈಗ ಅಪ್ಪ ಅದನ್ನೆಲ್ಲ ನಾಲ್ಕು ಜನರ ಮುಂದೆ ಹೇಳುತ್ತಾನೆ ಎಂದು ಕಾದು ನಿಂತವಳ ಹಾಗಿತ್ತು ಆ ನಿಲುವು.

ಯಾರೂ ಬರಲಿಲ್ಲ, ಅದಕ್ಕೇ ಉಳಿಯಿತು ಎಂದುಬಿಡಬಹುದಿತ್ತು. ಹಾಗೆ ಅಂದರೆ ಒಳಗೆ ಏನೋ ರೋಗವಿದೆ ಎಂದು ಇವರು ಎದ್ದುಹೋಗುತ್ತಾರೆ. ನಿಜ ಹೇಳಿದರೆ ಸಂಬಂಧ ಉಳಿಯುತ್ತದೆ, ಆದರೆ ಹೊಸ್ತಿಲ ಮೇಲೆ ನಿಂತವಳು ಕೇಳಿಸಿಕೊಳ್ಳುತ್ತಾಳೆ. ಹತ್ತು ವರ್ಷ ಕಾದಿಟ್ಟುಕೊಂಡ ಮಗಳನ್ನು ಎರಡರಲ್ಲಿ ಒಂದು ರೀತಿ ಕಳೆದುಕೊಳ್ಳಲೇಬೇಕಿತ್ತು. ತಿಮ್ಮರಾಯಪ್ಪ ಹುಲ್ಲನ್ನು ಮುಷ್ಟಿಯಲ್ಲಿ ಬಿಗಿಹಿಡಿದ.

"ಹುಡುಗೀದು ಐಬಿಲ್ಲ," ಎಂದ. ದನಿ ಅವನದೆಂದು ಅನ್ನಿಸಲಿಲ್ಲ. "ಗಂಡುಗಳು ಬಂದಿದ್ವು. ನೋಡಿದೋರೆಲ್ಲ ಒಪ್ಪಿದ್ರು. ನಾನೇ ಹೋಗಿ ಬ್ಯಾಡ ಅಂತ ಹೇಳಿ ಬಂದೆ. ಅವಳವ್ವ ಸತ್ತಿದ್ಲು, ಹುಡುಗ್ರು ಸಣ್ಣವು, ಮಂದೆ ದೊಡ್ಡದು. ಇವಳು ಹೋದ್ರೆ ಹೆಂಗೆ ಅಂತ ಹೆದರಿಕೆ ಆತು. ಇನ್ನೊಂದು ವರ್ಷ ಇರಲಿ, ಇನ್ನೊಂದು ವರ್ಷ ಇರಲಿ ಅಂತ ಇಟ್ಕಂಡೆ. ಇವಳಿಗೆ ಮಾತ್ರ, ಅವರೇ ಒಪ್ಪಲಿಲ್ಲ ಅಂತ ಸುಳ್ಳು ಹೇಳ್ದೆ. ಎತ್ತರ ಅಂತ ಹೇಳ್ದೆ, ಬಣ್ಣ ಅಂತ ಹೇಳ್ದೆ." ಯಲ್ಲಕ್ಕನ ಕಡೆ ತಿರುಗಿದ. "ಐಬು ನಂದು ತಾಯಿ. ನನ್ನ ಮಗಳದಲ್ಲ."

ಯಲ್ಲಕ್ಕ ಎದ್ದು, ಅಣ್ಣನಿಗೂ ಕಾಯದೆ, ತಿಮ್ಮರಾಯಪ್ಪನ ಕೈಯಿಂದ ತಾನೇ ಹುಲ್ಲು ಇಸಿದುಕೊಂಡಳು. "ಆತು. ನಮಗೆ ಬೇಕಾಗಿದ್ದು ಇಷ್ಟೇ," ಎಂದಳು. ಹಿರಿಯರು ಉಸಿರುಬಿಟ್ಟರು. ಈರಬಸಪ್ಪ ಬೀಗನ ಹೆಗಲು ತಟ್ಟಿ, ಹೆತ್ತ ಕರುಳು, ಆಗುತ್ತದೆ, ಎಲ್ಲರ ಮನೆಯಲ್ಲೂ ಆಗುತ್ತದೆ ಎಂದ. ವೀಳ್ಯ ಬದಲಾಯಿತು. ಮದುವೆ ಗಟ್ಟಿಯಾಯಿತು. ಗಾಡಿಯನ್ನು ಒಮ್ಮೆ ಓಡಿಸಿ ನೋಡು ಎಂದು ಯಾರೋ ಕೆಂಚಪ್ಪನನ್ನು ಎಬ್ಬಿಸಿದರು. ಅವನು ಹೋಗುವಾಗ ಹೊಸ್ತಿಲ ಕಡೆ ಒಮ್ಮೆ ತಿರುಗಿ ನೋಡಿದ. ಆ ನೋಟದಲ್ಲಿ ಕನಿಕರವಿತ್ತು, ಗೌರವವೂ ಇತ್ತು. ಎಲ್ಲರೂ ಗಾಡಿಯ ಹಿಂದೆ ಹೊರಗೆ ನಡೆದರು. ಬೆಟ್ಟದಂಥ ಭಾರ ಇಳಿದದ್ದು ಎಲ್ಲರಿಗೂ, ಒಬ್ಬನನ್ನು ಬಿಟ್ಟು.

ಕಾಳಕ್ಕ ಚೊಂಬನ್ನು ಕೆಳಗಿಟ್ಟು ಅಂಗಳಕ್ಕೆ ಬಂದು ಅವನ ಎದುರು ನಿಂತಳು.

"ಎಷ್ಟು ಜನ ಬಂದಿದ್ರಪ್ಪ?"

"ಐದು."

"ಎತ್ತರ ಅಂದೋರು?"

"ಯಾರೂ ಅನ್ನಲಿಲ್ಲ ಕಣವ್ವ."

"ಕಪ್ಪು ಅಂತ?"

"ಯಾರೂ ಅನ್ನಲಿಲ್ಲ. ಆ ಮೂರನೇ ಹುಡುಗ, ಗುಡ್ಡದ ಕಡೆಯೋನು, ಮೂರು ಸಲ ಹೇಳಿ ಕಳಿಸಿದ್ದ. ಮಾಡ್ಕಂಡ್ರೆ ನಿನ್ನನ್ನೇ ಅಂತ." ಹೇಳಬೇಕಾಗಿರಲಿಲ್ಲ, ಆದರೆ ಹೇಳಿದ. ಶುರುವಾದ ಮೇಲೆ ನಿಲ್ಲಿಸುವುದು ಹೇಗೆಂದು ಅವನಿಗೆ ತಿಳಿಯಲಿಲ್ಲ.

ಅವಳು ಬೈಯಲಿ ಎಂದು ತಿಮ್ಮರಾಯಪ್ಪ ಕಾದ. ಅತ್ತಿದ್ದರೂ ತಲೆ ಸವರಿ ತಪ್ಪಾಯ್ತು ಎನ್ನಬಹುದಿತ್ತು. ಕಾಳಕ್ಕ ಅಳಲಿಲ್ಲ. ಸಂಜೆ ಮಂದೆ ಬಂದಾಗ ಎಷ್ಟು ಕುರಿ ಬಂತು, ಎಷ್ಟು ಬರಲಿಲ್ಲ ಎಂದು ಹೇಳುವ ದನಿಯಲ್ಲೇ ಹೇಳಿದಳು.

"ನಾನು ಕನ್ನಡಿ ನೋಡೋದು ಬಿಟ್ಟು ಏಳು ವರ್ಷ ಆತಪ್ಪ."